ಕೌದಿ ಹೊದ್ದ ಬೀರು

ಆಳಂದದ ಬಜಾರಿನಲ್ಲಿ ಕುಪ್ಪಸದ ಖಣದ ಅಂಗಡಿ ಇಟ್ಟಿದ್ದ ಶಾಂತಲಿಂಗಪ್ಪನವರಿಗೆ ಯಾವ ಕೆಟ್ಟ ಚಟವೂ ಇರಲಿಲ್ಲ. ಬೀಡಿ ಇಲ್ಲ, ಎಲೆ ಅಡಿಕೆ ಇಲ್ಲ, ಇಸ್ಪೀಟು ಇಲ್ಲ. ಇದ್ದ ಒಂದೇ ಚಟವೆಂದರೆ ಮೈಸೂರು ಕಡೆಯ ಮಾತು. ಅದು ಅಂಟಿದ್ದು ಮಾಳಿಗೆಯ ಖೋಲಿಯಲ್ಲಿ ಬಾಡಿಗೆಗಿದ್ದ ಹೈಸ್ಕೂಲು ಮಾಸ್ತರರಿಂದ. ಮಾಸ್ತರರು ವರ್ಗವಾಗಿ ಹೋಗುವಾಗ ಹಾಸಿಗೆ, ಸ್ಟೋವು, ಪುಸ್ತಕ ಎಲ್ಲವನ್ನೂ ಲಾರಿಗೆ ಹಾಕಿಕೊಂಡು ಹೋದರು. ಒಂದಷ್ಟು ಶಬ್ದಗಳನ್ನು ಮಾತ್ರ ಮರೆತು ಇಲ್ಲಿಯೇ ಬಿಟ್ಟರು. ಅವನ್ನು ಶಾಂತಲಿಂಗಪ್ಪನವರು ಜೋಪಾನ ಮಾಡಿ ಇಟ್ಟುಕೊಂಡು, ದೊಡ್ಡ ಗಿರಾಕಿ ಬಂದಾಗ ಒಂದೊಂದನ್ನೇ ಹೊರಗೆ ತೆಗೆಯುತ್ತಿದ್ದರು.

ಈ ಶಬ್ದಗಳಲ್ಲಿ ಅವರಿಗೆ ಬಹಳ ಹಿಡಿಸಿದ್ದು 'ಬೀರು'.

"ಕಪಾಟ ಅನಬ್ಯಾಡ," ಎಂದು ಅವರು ಹೆಂಡತಿ ಸುಭದ್ರಾಬಾಯಿಗೆ ಹೇಳಿದ್ದರು. "ಮೈಸೂರ ಕಡೆ ಕಲತ ಮಂದಿ ಕಪಾಟಕ್ಕ ಬೀರು ಅಂತಾರ. ನೀನೂ ಹಂಗ ಅನ್ನು."

"ಬೀರು ಅಂದ್ರ ಒಳಗಿನ ಸೀರಿ ಹೆಚ್ಚಾಗ್ತಾವೇನ್ರಿ?" ಎಂದು ಸುಭದ್ರಾಬಾಯಿ ಕೇಳಿದ್ದರು. ಈ ಪ್ರಶ್ನೆಗೆ ಮಾಸ್ತರರು ಉತ್ತರ ಬಿಟ್ಟುಹೋಗಿರಲಿಲ್ಲ. ಆದರೂ ಸಂಸಾರದಲ್ಲಿ ಸಣ್ಣ ಮಾತಿಗೆ ಜಗಳ ಯಾಕೆಂದು ಆ ತಾಯಿ ಬೀರು ಎನ್ನುವುದನ್ನೇ ರೂಢಿ ಮಾಡಿಕೊಂಡರು.

ಇದು ಎಂಬತ್ತರ ದಶಕದ ನಡುವಿನ ಮಾತು. ಆಗ ಬಿಯರು ಎಂಬ ಪಾನೀಯ ಆಳಂದಕ್ಕೆ ಬಂದಿರಲಿಲ್ಲವೆಂದಲ್ಲ, ಬಂದಿತ್ತು; ಮಂದಿ ಅದಕ್ಕೂ ಬೀರು ಎನ್ನುತ್ತಿದ್ದರು. ಆದರೆ ಶಾಂತಲಿಂಗಪ್ಪನವರು ಇದ್ದ ಓಣಿಗೆ ಬಂದಿರಲಿಲ್ಲ. ಬಸವಣ್ಣನ ಮಾತು ನಂಬಿ ನಡೆದ ಮನೆತನ. ಅವರಿಗೆ ಗೊತ್ತಿದ್ದ ಕುಡಿತವೆಂದರೆ ಶಿಂದಿ, ಶೆರೆ. ಬಾಟಲಿಯಲ್ಲಿ ಬಂದದ್ದೆಲ್ಲ ಬ್ರಾಂಡಿ. ಅಲ್ಲಿಗೆ ಅವರ ಜ್ಞಾನ ಮುಗಿಯಿತು.

ಇನ್ನು ಅರವಟ್ಟಿಗೆಯ ವಿಷಯ. ಬಸ್‌ಸ್ಟ್ಯಾಂಡಿನ ಬೇವಿನ ಮರದ ಕೆಳಗೆ ಶಾಂತಲಿಂಗಪ್ಪನವರ ತಂದೆ ಗುರುಲಿಂಗಪ್ಪನವರು ಪ್ರತಿ ಬೇಸಿಗೆಯಲ್ಲಿ ಮಣ್ಣಿನ ರಂಜಣಿಗೆಗಳನ್ನು ಇಟ್ಟು, ಬಂದುಹೋಗುವವರಿಗೆ ತಾವೇ ನಿಂತು ನೀರು ಕೊಡುತ್ತಿದ್ದರು. ಮಾದನಹಿಪ್ಪರಗಾದ ಬಸ್ಸಿನಿಂದ ಇಳಿದವರು, ಘತ್ತರಗಿಯ ಭಾಗ್ಯವಂತಿ ದೇವಿಗೆ ಹೊರಟವರು, ಎಲ್ಲರೂ ಅವರ ಕೈಯ ನೀರು ಕುಡಿದವರೇ. ಅವರು ಲಿಂಗೈಕ್ಯರಾದ ಮೇಲೆ ರಂಜಣಿಗೆ ಒಡೆದವು, ಜಾಗ ಖಾಲಿ ಬಿತ್ತು. ಭೂಸನೂರಿನ ಕಡೆ ಕಬ್ಬಿನ ಹೊಲಗಳಿದ್ದ ದೌಲತರಾಯರ ಕಣ್ಣು ಆ ಜಾಗದ ಮೇಲೆ ಬಿತ್ತು. ಅವರಿಗೂ ನೀರು ಕೊಟ್ಟು ಹೆಸರು ಮಾಡುವ ಆಸೆ. ಹಿರಿಯರು ಕೂತು ತೀರ್ಪು ಹೇಳಿದರು: ಈ ಸಲದ ಬಸವ ಜಯಂತಿಯ ದಿನ ಶಾಂತಲಿಂಗಪ್ಪ ನೀರು ಶುರು ಮಾಡಿದರೆ ಜಾಗ ಗುರುಲಿಂಗಪ್ಪನ ಹೆಸರಿನಲ್ಲಿ ಉಳಿಯುತ್ತದೆ, ಇಲ್ಲವಾದರೆ ದೌಲತರಾಯರದು.

ರಂಜಣಿಗೆ ತಂದು ನೀರು ತುಂಬಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಶಾಂತಲಿಂಗಪ್ಪನವರು ಹಿರಿಯರ ಎದುರಿಗೆ ಎದ್ದು ನಿಂತು, "ಮಣ್ಣಿನ ಗಡಗಿ ಯಾರರ ಇಡ್ತಾರ್ರಿ. ನಾ ಮಶೀನಿನ ತಂಪ ನೀರು ಕುಡಸ್ತೇನಿ. ತಂಪ ಇರಲಿಲ್ಲಂದ್ರ ಜಾಗಾ ದೌಲತರಾಯರೇ ತಗೋಲಿ," ಎಂದುಬಿಟ್ಟರು. ಯಾರೂ ಕೇಳಿರಲಿಲ್ಲ. ತಾವಾಗಿಯೇ ಅಂದರು.

ಹೀಗೆ ಮಾತು ಕೊಟ್ಟವರು ಗುಲಬರ್ಗಾದಲ್ಲಿ ಹಳೆ ಸಾಮಾನು ಮಾರುವ ಕರೀಮಸಾಬರ ಗೋದಾಮಿಗೆ ಹೋದರು. ಮೂಲೆಯಲ್ಲಿ ಒಂದು ಗಿಡ್ಡನೆಯ ಬಿಳಿ ಪೆಟ್ಟಿಗೆ. ಒಳಗೆ ಒಂದು ಪೀಪಾಯಿ, ನೆತ್ತಿಯ ಮೇಲೆ ಥಳಥಳ ಹೊಳೆಯುವ ನಳ, ನೀರು ಏರಿಸಲು ಕೈಪಂಪು, ಬೆನ್ನಿಗೆ ಕರಿ ತಂತಿಯ ಜಾಳಿಗೆ. ಬಾಗಿಲಿನ ಮೇಲೆ ಹಿಡಿಕೆಯ ಗ್ಲಾಸಿನ ಚಿತ್ರ, ಗ್ಲಾಸಿನ ಅಂಚಿನಿಂದ ಬೆಳ್ಳಗೆ ಉಕ್ಕುವ ನೊರೆ. ಪರದೇಶದ ಹಡಗಿನಲ್ಲಿ ನೌಕರಿ ಮಾಡಿ ಬಂದ ಯಾರೋ ಸಾಹೇಬರ ಮನೆಯ ಸಾಮಾನಂತೆ.

ಕರೀಮಸಾಬರು ಸುಳ್ಳು ಹೇಳುವ ಮನುಷ್ಯರಲ್ಲ. "ಇದು ಬೀರಿನ ಮಶೀನ್ರಿ," ಎಂದು ಮೊದಲೇ ಹೇಳಿದರು. "ನಿಮಗ ಯಾಕ್ರಿ ಇದು?"

ಶಾಂತಲಿಂಗಪ್ಪನವರು ನಕ್ಕರು. ಗುಲಬರ್ಗಾದಂಥ ಪ್ಯಾಟೆಯಲ್ಲಿ ಒಬ್ಬನಾದರೂ ಬೀರು ಎನ್ನುವವನು ಸಿಕ್ಕನಲ್ಲ ಎಂದು ಅವರಿಗೆ ಖುಷಿ. "ಬೀರು ಅಂತ ನನಗ ಗೊತ್ತಿಲ್ಲೇನ್ರಿ ಸಾಬರ? ನಮ್ಮ ಮನ್ಯಾಗ ಒಂದ ಅದ. ನಮ್ಮಾಕಿ ದಿನಾ ತಗಿತಾಳ."

"ಅಕ್ಕೋರು?"

"ಮುಂಜಾನೆ ಜಳಕಾ ಆದಕೂಡ್ಲೇ ತಗಿತಾಳ. ಆದ್ರ ಅದು ತಂಪ ಇರಂಗಿಲ್ಲ. ಇದು ತಂಪನ ಬೀರು, ಅಲ್ಲೇನ್ರಿ?"

ಕರೀಮಸಾಬರು ಗಡ್ಡ ನೀವಿಕೊಂಡರು. ಮಂದಿ ಮನೆಯ ಉಸಾಬರಿ ತಮಗೇಕೆಂದು, "ತಂಪ ಭಾಳ ಮಾಡ್ತದ್ರಿ," ಎಂದಷ್ಟೇ ಹೇಳಿ ಸಾಮಾನು ಕಟ್ಟಿಸಿದರು. ಬಾಗಿಲಿನ ಮೇಲಿನ ಚಿತ್ರ ಯಾಕಿದೆಯೆಂದು ಶಾಂತಲಿಂಗಪ್ಪನವರು ಕೇಳಲಿಲ್ಲ. ಅದು ಮಜ್ಜಿಗೆ ಎನ್ನುವುದರಲ್ಲಿ ಅವರಿಗೆ ಸಂಶಯವೇ ಇರಲಿಲ್ಲ.

ಮಶೀನು ಬಸ್ಸಿನ ನೆತ್ತಿಯ ಮೇಲೆ ಕೂತು ಆಳಂದಕ್ಕೆ ಬಂತು. ಬಸ್‌ಸ್ಟ್ಯಾಂಡಿನಿಂದ ಮನೆಯವರೆಗೆ ಕೈಗಾಡಿಯಲ್ಲಿ ತರುವಾಗ ಅಂಗಡಿ ಅಂಗಡಿಯವರೂ ಏನು ತಂದಿರಿ ಎಂದು ಕೇಳಿದರು. ಶಾಂತಲಿಂಗಪ್ಪನವರು ಅಂಗಡಿ ಅಂಗಡಿಗೂ ನಿಂತು, "ತಣ್ಣನೆಯ ಬೀರು. ಜಯಂತಿಯಿಂದ ಊರಿಗೆಲ್ಲ," ಎಂದು ಮೈಸೂರು ಧಾಟಿಯಲ್ಲಿ ಉತ್ತರ ಕೊಟ್ಟರು. ದಾರಿಯಲ್ಲೇ ಪೇಂಟರನ ಅಂಗಡಿ ಸಿಕ್ಕಿತು. ಅಲ್ಲಿ ಬೋರ್ಡಿಗೂ ಹೇಳಿಬಿಟ್ಟರು: 'ಲಿಂ. ಗುರುಲಿಂಗಪ್ಪನವರ ಸ್ಮರಣಾರ್ಥ, ತಣ್ಣನೆಯ ಬೀರು.' ಪೇಂಟರ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡು ಕೆಂಪು ಅಕ್ಷರದಲ್ಲಿ ಬರೆದ.

ಅಂದು ಸಂಜೆ ಪಡಸಾಲೆಯಲ್ಲಿ ನಿಂತು ಮಶೀನು ಗುರ್ ಎಂದಿತು. ಸುಭದ್ರಾಬಾಯಿ ನಳ ತಿರುವಿ ಮೊದಲ ಗುಟುಕು ಕುಡಿದು ದವಡೆ ಹಿಡಿದುಕೊಂಡರು. "ಯವ್ವಾ, ಹಲ್ಲ ಜುಮ್ಮ ಅಂದವು," ಎಂದರು. ಶಾಂತಲಿಂಗಪ್ಪನವರು ಗೋಡೆಯ ಮೇಲಿದ್ದ ತಂದೆಯ ಫೋಟೋದ ಕಡೆ ನೋಡಿದರು. ಆ ಸಂತೋಷ ಅವರ ಜೀವಮಾನದಲ್ಲಿ ಮತ್ತೆ ಮತ್ತೆ ಬರುವಂಥದ್ದಾಗಿರಲಿಲ್ಲ.

ಮರುದಿನ ಮುಂಜಾನೆ ಬಾಗಿಲಿಗೆ ನಾಗಣ್ಣ ಬಂದ. ಈ ನಾಗಣ್ಣ ಊರಿನ ಹೆಸರಾಂತ ಕುಡುಕ. ಆದರೆ ಬಹಳ ವಿನಯವಂತ. ಜಳಕ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಸ್ವಂತದ ಒಂದು ತಂಬಿಗೆ ತಂದಿದ್ದ.

"ನಿಮ್ಮಲ್ಲಿ ತಣ್ಣನ ಬೀರು ಬಂದದ ಅಂತ ಕೇಳಿದೆ, ಅಣ್ಣಾರ."

"ಬಂದದ. ಬಾ, ಒಳಗ ಬಾ."

"ನಾ ಒಳಗ ಬರೂದ್ರಿ?" ನಾಗಣ್ಣನನ್ನು ಆ ಓಣಿಯಲ್ಲಿ ಒಳಗೆ ಕರೆದವರು ಯಾರೂ ಇರಲಿಲ್ಲ.

"ಯಾಕ ಬರಬಾರ್ದು? ಎಲ್ಲಾರಿಗೂ ಪುಕ್ಕಟ ಅದ. ಹೆಣ್ಮಕ್ಕಳಿಗೆ, ಮುದುಕರಿಗೆ, ಭಾಗ್ಯವಂತಿಗೆ ಹೋಗೂ ಮಂದಿಗೆ. ನಮ್ಮ ಅಪ್ಪನ ಹೆಸರಿನ ಮ್ಯಾಲ."

ನಾಗಣ್ಣನ ಕಣ್ಣು ತುಂಬಿ ಬಂದವು. "ನಿಮ್ಮ ಅಪ್ಪಾರು ದೊಡ್ಡ ಮನುಷ್ಯಾರ್ರಿ. ಇಷ್ಟ ದೊಡ್ಡಾವ್ರು ಅಂತ ಗೊತ್ತಿರಲಿಲ್ಲ."

ತಂಬಿಗೆ ತುಂಬಿತು. ನಾಗಣ್ಣ ಕಣ್ಣು ಮುಚ್ಚಿ ಒಂದು ಗುಟುಕು ಕುಡಿದ. ಕಣ್ಣು ತೆರೆದ. ತಂಬಿಗೆಯೊಳಗೆ ಇಣುಕಿ ನೋಡಿದ.

"ಇದು ನೀರು."

"ಹೌದು, ನೀರು."

"ಬೀರು ಎಲ್ಲಿ?"

"ಇದೇ ಬೀರು," ಎಂದು ಶಾಂತಲಿಂಗಪ್ಪನವರು ಮಶೀನಿನ ಬಾಗಿಲು ತಟ್ಟಿದರು.

"ಅದರಾಗ ಇರೂದು?"

"ನೀರು."

"ಮತ್ತ ಬೀರು?"

"ಲೇ, ಬೀರಿನಾಗ ನೀರು ಅದ. ತಿಳೀತಿಲ್ಲೇನು?"

"ಬೀರಿನಾಗ ನೀರು ಹಾಕಿದ್ರ ಅದು ಮೋಸ ಆಗ್ತದ್ರಿ, ಅಣ್ಣಾರ," ಎಂದ ನಾಗಣ್ಣ, ಬಹಳ ನೊಂದುಕೊಂಡು. "ಅದೂ ಹಿರಿಯಾರ ಹೆಸರಿನ ಮ್ಯಾಲ."

ಈ ಮಾತುಕತೆ ಇನ್ನೂ ಸ್ವಲ್ಪ ಹೊತ್ತು ಹೀಗೆಯೇ ಸುತ್ತಿ, ಕೊನೆಗೆ ನಾಗಣ್ಣ ಬೀರು ಎಂದರೆ ಏನು, ಅದರ ಬಣ್ಣವೇನು, ಬಾಗಿಲಿನ ಮೇಲೆ ಉಕ್ಕುತ್ತಿರುವುದು ಮಜ್ಜಿಗೆ ಯಾಕಲ್ಲ ಎಂಬುದನ್ನೆಲ್ಲ ತಾಳ್ಮೆಯಿಂದ ವಿವರಿಸಿದ. ಶಾಂತಲಿಂಗಪ್ಪನವರಿಗೆ ನಿನ್ನೆ ಎಷ್ಟು ಅಂಗಡಿಗಳ ಮುಂದೆ ಗಾಡಿ ನಿಲ್ಲಿಸಿದ್ದೆ ಎಂದು ಒಂದೊಂದಾಗಿ ನೆನಪಾಗತೊಡಗಿತು.

"ಮದಲ ಅದರ ಮ್ಯಾಲ ಏನರ ಹೊಚ್ಚೂನು," ಎಂದು ಸುಭದ್ರಾಬಾಯಿ ಒಳಗಿನಿಂದ ಕೌದಿ ತಂದರು. ಅತ್ತೆಯವರು ಗುರುಲಿಂಗಪ್ಪನವರ ಹಳೆ ಧೋತರಗಳನ್ನು ಪದರು ಪದರಾಗಿ ಇಟ್ಟು ಹೊಲಿದಿದ್ದ ದಪ್ಪ ಕೌದಿ. ಅದನ್ನು ನಳದಿಂದ ನೆಲದವರೆಗೆ, ಹಿಂದೆ ಮುಂದೆ, ಮಗುವಿಗೆ ಹೊದಿಸಿದ ಹಾಗೆ ಹೊದಿಸಿದರು. ಪೇಂಟರ ಕೊಟ್ಟುಹೋದ ಬೋರ್ಡಿನ ಎರಡನೆಯ ಸಾಲಿನ ಮೇಲೆ ಅಂಗಡಿಯ ಒಂದು ಖಣ ತಂದು ಮೊಳೆ ಹೊಡೆದರು. ಹೊಸ ಬೋರ್ಡಿಗೆ ಪೇಂಟರನಲ್ಲಿಗೆ ಮತ್ತೆ ಹೋಗುವ ಮುಖ ಶಾಂತಲಿಂಗಪ್ಪನವರಿಗೆ ಇರಲಿಲ್ಲ. ಮಾನ ಸದ್ಯಕ್ಕೆ ಮುಚ್ಚಿತು.

ಆದರೆ ಮಾನ ಮುಚ್ಚಿದ ದಿನವೇ ಮಶೀನು ತಂಪು ಮಾಡುವುದನ್ನು ಬಿಟ್ಟಿತು.

ಮೊದಲು ನೀರು ಸುಮಾರು ತಂಪಾಯಿತು. ಆಮೇಲೆ ಬಾವಿಯ ನೀರಿನಷ್ಟಾಯಿತು. ಆಮೇಲೆ ಬಾವಿಯ ನೀರೇ ಎಷ್ಟೋ ವಾಸಿ ಎನ್ನುವ ಹಾಗಾಯಿತು. ಶಾಂತಲಿಂಗಪ್ಪನವರಿಗೆ ಹೆದರಿಕೆಯ ಜೊತೆಗೆ ವಿಚಿತ್ರ ಕುತೂಹಲವೂ ಹುಟ್ಟಿತು. ಒಳಗೆ ಏನು ನಡೆದಿರಬಹುದು? ಕೌದಿಯೊಳಗೆ ಕೈ ತೂರಿಸಿ ಬೆನ್ನು ಮುಟ್ಟಿ ನೋಡಿದರು. ಸುಡುತ್ತಿತ್ತು.

"ಇದಕ್ಕ ಜ್ವರ ಬಂದಾವ," ಎಂದರು.

ಕಂಪೌಂಡರನ ಮನೆಯಿಂದ ಜ್ವರ ನೋಡುವ ಕಾಜಿನ ಕಡ್ಡಿ ತಂದು ನೀರಿನಲ್ಲಿ ಅದ್ದಿದರು. ಪಾದರಸ ಅಲ್ಲಾಡಲಿಲ್ಲ. ನೀರಿಗೆ ಜ್ವರವಿಲ್ಲ, ಮಶೀನಿಗೆ ಮಾತ್ರ ಇದೆ ಎಂದು ತೀರ್ಮಾನವಾಯಿತು. ಇದರಿಂದ ಮುಂದೇನು ಮಾಡಬೇಕೆಂಬುದು ತಿಳಿಯಲಿಲ್ಲ.

ಆಗ ಸಲಾವುದ್ದೀನನನ್ನು ಕರೆಸಿದರು. ಸಲಾವುದ್ದೀನ ಫ್ಯಾನು ಮೋಟಾರುಗಳಿಗೆ ವೈಂಡಿಂಗ್ ಮಾಡುವವನು. ಇಂಥ ಸಾಮಾನು ಅವನು ಜನ್ಮದಲ್ಲಿ ಕಂಡಿರಲಿಲ್ಲ. ಹಾಗೆಂದು ಹೇಳುವ ಸ್ವಭಾವವೂ ಅವನದಲ್ಲ.

"ಗ್ಯಾಸ್ ಹೋಗ್ಯಾದ," ಎಂದ ಬಾಗಿಲಲ್ಲೇ ನಿಂತು.

"ನೋಡದ ಹೆಂಗ ಹೇಳ್ತೀಪಾ?"

"ಮಶೀನ ಅಂದಮ್ಯಾಲ ಗ್ಯಾಸೇ ಹೋಗ್ತದ್ರಿ."

ಕೌದಿ ತೆಗೆದರು. ಸಲಾವುದ್ದೀನ ಅದರ ಎದುರಿಗೆ ಕೂತು ಒಂದು ಸ್ಕ್ರೂ ಬಿಚ್ಚಿ ನೋಡಿ ಮತ್ತೆ ಅದೇ ಸ್ಕ್ರೂ ತಿರುವಿದ. ಚಹಾ ಬಂತು. ಅವಲಕ್ಕಿ ಬಂತು. ಜೇವರ್ಗಿಯಲ್ಲಿ ತಾನು ಒಂದು ಸಿನೆಮಾ ಟಾಕೀಜಿನ ಮೋಟಾರು ರಿಪೇರಿ ಮಾಡಿದ ಕಥೆಯನ್ನು ಅವನು ಮೊದಲಿನಿಂದ ಹೇಳಿದ. ಕಥೆ ಮುಗಿಯುವ ಹೊತ್ತಿಗೆ ಮಧ್ಯಾಹ್ನ ಇಳಿದಿತ್ತು. ನಳ ತಿರುವಿದರೆ ನೀರು ಹಲ್ಲು ಜುಮ್ಮೆನ್ನುವಷ್ಟು ತಂಪು.

"ಕೈಗುಣ ಅಂದ್ರ ಇದು," ಎಂದರು ಶಾಂತಲಿಂಗಪ್ಪನವರು. ಸಲಾವುದ್ದೀನ ತನ್ನ ಕೈಯನ್ನು ತಾನೇ ಒಮ್ಮೆ ನೋಡಿಕೊಂಡ.

ಅವನು ಹೊಸ್ತಿಲು ದಾಟಿದ ಮೇಲೆ ಸುಭದ್ರಾಬಾಯಿ ಕೌದಿ ಹೊಚ್ಚಿದರು. ಮರುದಿನ ನೀರು ಬೆಚ್ಚಗಾಗಿತ್ತು. ಮತ್ತೆ ಸಲಾವುದ್ದೀನ ಬಂದ, ಕೌದಿ ತೆಗೆದರು, ಕಥೆ ಹೇಳಿದ, ತಂಪಾಯಿತು. ಹೋದ, ಹೊಚ್ಚಿದರು, ಬೆಚ್ಚಗಾಯಿತು. ಮಶೀನು ಅವನ ಮುಖ ನೋಡಿದರೆ ಮಾತ್ರ ಕೆಲಸ ಮಾಡುತ್ತದೆಂದು ಓಣಿಯಲ್ಲಿ ಸುದ್ದಿಯಾಯಿತು. ಬಾಜು ಮನೆಯ ಹೀರಾಬಾಯಿ ಇದು ಮಂದಿಯ ಕಣ್ಣು ಬಿದ್ದದ್ದೆಂದು ಹೇಳಿ ಲಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದರು. ಸುಭದ್ರಾಬಾಯಿಗೆ ಬೇರೆ ಯೋಚನೆ ಬಂತು. "ಬರ್ಫ ಮಾರಾವ ಗೋಣಿತಟ್ಟ ಸುತ್ತಿ ಇಡ್ತಾನಲ್ರಿ, ತಂಪ ಹೊರಗ ಹೋಗಬಾರ್ದಂತ. ನಮ್ಮ ಕೌದಿ ಸಾಲಂಗಿಲ್ಲ," ಎಂದು ಎರಡನೆಯ ಕೌದಿ ಹೊಚ್ಚಿದರು. ಈ ತರ್ಕದಲ್ಲಿ ತಪ್ಪು ಹುಡುಕಲು ಶಾಂತಲಿಂಗಪ್ಪನವರಿಗೆ ಸಾಧ್ಯವಾಗಲಿಲ್ಲ. ಅಂದು ನೀರು ಸ್ನಾನಕ್ಕೆ ಹದವಾಗಿತ್ತು.

ಬಸವ ಜಯಂತಿ ಬಂದೇ ಬಿಟ್ಟಿತು. ಮುಂಜಾನೆ ಮಶೀನನ್ನು ಕೌದಿ ಸಮೇತ ಗಾಡಿಯ ಮೇಲೆ ಮಲಗಿಸದೆ ನಿಲ್ಲಿಸಿಕೊಂಡೇ ಬೇವಿನ ಮರದ ಕೆಳಗೆ ತಂದರು. ಅಲ್ಲಿದ್ದ ಪ್ಯಾರಿಬಿಯ ಚಹಾದಂಗಡಿಯಿಂದ ವಾಯರು ಎಳೆದರು. ಖಣ ಹೊಡೆದ ಬೋರ್ಡನ್ನು ಮಶೀನಿನ ಮೇಲೆ ಮರಕ್ಕೆ ಕಟ್ಟಿದರು. ಶಾಂತಲಿಂಗಪ್ಪನವರು ಸಲಾವುದ್ದೀನನನ್ನು ಮಶೀನಿನ ಎದುರಿಗೆ ಒಂದು ಸ್ಟೂಲಿನ ಮೇಲೆ ಕೂಡಿಸಿ, "ಎದ್ದ ಹೋಗಬ್ಯಾಡ ನೋಡು," ಎಂದು ಹೇಳಿದರು. ಅವನು ಕೂತ. ಕೌದಿಯೂ ಕೂತಿತ್ತು. ನೀರು ಬೆಚ್ಚಗೇ ಇತ್ತು.

ದೌಲತರಾಯರು ರುಮಾಲು ಸುತ್ತಿಕೊಂಡು ಕುರ್ಚಿಯ ಮೇಲೆ ಕೂತಿದ್ದರು. ಅವರ ಹಿಂದೆ ಎತ್ತಿನ ಗಾಡಿ. ಗಾಡಿಯ ತುಂಬ ಹೊಸ ರಂಜಣಿಗೆಗಳು, ಹುಲ್ಲಿನ ಮೇಲೆ, ಇಳಿಯಲು ತಯಾರಾಗಿ.

"ಶಾಂತಲಿಂಗಪ್ಪ, ಮದಲನೇ ಗ್ಲಾಸ್ ನಾನೇ ಕುಡಿತೇನಿ," ಎಂದರು. "ತಂಪ ಇದ್ರ ಗಾಡಿ ಹೊಳ್ಳಿ ಒಯ್ತೇನಿ."

"ಜರಾ ತಡೀರಿ, ಮಶೀನ ಇನ್ನಾ ಎದ್ದಿಲ್ಲ."

"ಕೌದಿ ಹೊಚ್ಚಿ ಮಲಗಿಸಿದ್ರ ಹೆಂಗ ಏಳ್ತದ?" ಎಂದರು ದೌಲತರಾಯರು. ಮಂದಿ ನಕ್ಕರು. ಆ ಮಾತಿನೊಳಗೆ ಎಂಥ ಸತ್ಯವಿದೆಯೆಂದು ಹೇಳಿದವರಿಗೂ ಗೊತ್ತಿರಲಿಲ್ಲ, ಕೇಳಿದವರಿಗೂ ಗೊತ್ತಿರಲಿಲ್ಲ.

ಇದೇ ಹೊತ್ತಿಗೆ ಅತ್ತ ಮನೆಯ ಬಾಗಿಲಿಗೆ ಅಬಕಾರಿ ಇನ್‌ಸ್ಪೆಕ್ಟರ್ ಪುಟ್ಟಮಾದಯ್ಯನವರು ಬಂದಿದ್ದರು. ನಂಜನಗೂಡಿನ ಕಡೆಯವರು. ಊರಿಗೆಲ್ಲ ಪುಕ್ಕಟೆ ಬಿಯರು ಹಂಚುತ್ತಾರೆಂಬ ಸುದ್ದಿ ಅವರ ಆಫೀಸಿನವರೆಗೆ ತಾನಾಗಿ ನಡೆದು ಹೋಗಿತ್ತು.

"ಬೀರು ಎಲ್ಲಿದೆಯಮ್ಮಾ?" ಎಂದು ಕೇಳಿದರು.

ಸುಭದ್ರಾಬಾಯಿ ಅವರನ್ನು ಒಳಕೋಣೆಗೆ ಕರೆದೊಯ್ದು ಕಪಾಟಿನ ಬಾಗಿಲು ತೆರೆದರು. ಇಳಕಲ್ಲ ಸೀರೆಗಳು, ಲಿಂಗ ಇಡುವ ಒಂದು ಬೆಳ್ಳಿಯ ಕರಡಿಗೆ, ನುಸಿಗುಳಿಗೆ. ಇದು ರೂಢಿಯಿಂದ ಆದದ್ದೋ, ಆ ತಾಯಿಯ ಜಾಣತನವೋ ಎಂಬುದು ಇವತ್ತಿಗೂ ಇತ್ಯರ್ಥವಾಗಿಲ್ಲ.

ಪುಟ್ಟಮಾದಯ್ಯನವರು ಸೀರೆಗಳನ್ನೂ ಆಕೆಯನ್ನೂ ನೋಡಿದರು. "ಇದಕ್ಕೆ ಈ ಊರಲ್ಲಿ ಬೀರು ಅಂತಾರಾ?"

"ಊರಾಗ ಅನ್ನಂಗಿಲ್ರಿ. ನಮ್ಮ ಮನ್ಯಾವ್ರು ಅಂತಾರ. ಮೈಸೂರ ಮಾಸ್ತರು ಕಲಿಸ್ಯಾರ."

ಇನ್‌ಸ್ಪೆಕ್ಟರು ಮಶೀನು ಎಲ್ಲಿದೆಯೆಂದು ಕೇಳಿಕೊಂಡು ಹೊರಟರು. ಸುಭದ್ರಾಬಾಯಿ ಅವರ ಹಿಂದೆಯೇ ಬಸ್‌ಸ್ಟ್ಯಾಂಡಿಗೆ ಬಂದರು.

ಖಾಕಿ ಕಂಡ ಕೂಡಲೆ ಮಂದಿ ದಾರಿ ಬಿಟ್ಟರು. "ತೆಗೀರಿ ಹೊದಿಕೆ," ಎಂದರು ಪುಟ್ಟಮಾದಯ್ಯನವರು. ಎರಡು ಕೌದಿಗಳೂ ಕೆಳಗೆ ಬಿದ್ದವು. ಬೋರ್ಡಿನ ಖಣವನ್ನೂ ಕೀಳಿಸಿದರು. ಜಯಂತಿಯ ದಿನ, ಊರಿನ ಎದುರಿಗೆ, ನೊರೆ ಉಕ್ಕುವ ಗ್ಲಾಸಿನ ಮೇಲೆ ಲಿಂಗೈಕ್ಯ ಗುರುಲಿಂಗಪ್ಪನವರ ಹೆಸರು, ಅದರ ಕೆಳಗೆ 'ತಣ್ಣನೆಯ ಬೀರು' ಕೆಂಪಗೆ ಹೊಳೆಯಿತು. ಶಾಂತಲಿಂಗಪ್ಪನವರು ಕೌದಿ ಎತ್ತಲು ಬಗ್ಗಿದರು.

"ಯಾರೂ ಏನೂ ಮುಟ್ಟಬಾರದು. ಪಂಚನಾಮೆ ಆಗೋವರೆಗೂ ಇದ್ದದ್ದು ಇದ್ದ ಹಾಗೇ ಇರಬೇಕು. ಆ ವೈರೂ ಕೀಳಬೇಡಿ."

ಸರಕಾರದ ಪಂಚನಾಮೆ ಎಂದರೆ ನಿಮಗೆ ಗೊತ್ತಿದ್ದದ್ದೇ. ಜವಾನ ಕಾಗದ ತಂದ, ಕಾರ್ಬನ್ನು ಮರೆತಿದ್ದ. ಕಾರ್ಬನ್ನು ಬಂತು, ಪೆನ್ನು ಬರೆಯಲಿಲ್ಲ. ಮಶೀನಿನ ಉದ್ದ ಅಗಲ ಅಳೆದರು. ಪೂರ್ವಕ್ಕೆ ಬೇವಿನ ಮರ, ಪಶ್ಚಿಮಕ್ಕೆ ಪ್ಯಾರಿಬಿಯ ಅಂಗಡಿ ಎಂದು ಬರೆದರು. ದೌಲತರಾಯರನ್ನು ಪಂಚರನ್ನಾಗಿ ಮಾಡಿದರು. ನಾಗಣ್ಣ ತಾನಾಗಿ ಮುಂದೆ ಬಂದು ಸಾಕ್ಷಿ ಹೇಳಿದ: "ಇದರಾಗ ಬೀರು ಇಲ್ರಿ ಸಾಹೇಬ್ರ. ನಾ ಕುಡದ ನೋಡೀನಿ. ನನಗ ಮೋಸ ಆಗ್ಯಾದ. ಬರಕೋರಿ."

ಹೊತ್ತು ನೆತ್ತಿಗೆ ಬಂತು. ಮರದ ನೆರಳು ಸರಿದು ಇನ್‌ಸ್ಪೆಕ್ಟರ ಬೆನ್ನಿಗೆ ಬಿಸಿಲು ಬಿತ್ತು. ಮಶೀನು ಮಾತ್ರ ಬತ್ತಲೆ ಮೈಯಲ್ಲಿ ಗುರ್ ಗುರ್ ಎನ್ನುತ್ತಲೇ ಇತ್ತು. ಕೊನೆಗೆ ಪುಟ್ಟಮಾದಯ್ಯನವರು, "ಒಳಗಿರೋದನ್ನ ಪರೀಕ್ಷೆ ಮಾಡಬೇಕು," ಎಂದು ಗ್ಲಾಸು ಒಡ್ಡಿದರು. ನಳದಿಂದ ನೀರು ಬಂತು. ಗ್ಲಾಸಿನ ಹೊರಮೈ ಬೆವರಿತು. ಅವರು ಮೂಸಿದರು. ಕುಡಿದರು. ಮತ್ತೆ ಗ್ಲಾಸು ಒಡ್ಡಿದರು.

"ಇದೂ ಪರೀಕ್ಷೆಗೇನ್ರಿ?" ಎಂದು ದೌಲತರಾಯರು ಕೇಳಿದರು.

"ಒಂದು ಸಲಕ್ಕೆ ಖಾತ್ರಿಯಾಗಲಿಲ್ಲ," ಎಂದು ಮೂರನೆಯದನ್ನೂ ಕುಡಿದು ಪುಟ್ಟಮಾದಯ್ಯನವರು ಕರವಸ್ತ್ರದಿಂದ ಬಾಯಿ ಒರೆಸಿಕೊಂಡರು. ಆಮೇಲೆ ಮಂದಿಯ ಕಡೆ ತಿರುಗಿದರು. "ನೋಡಿ, ನಮ್ಮ ಕಡೆ ಕಪಾಟಿಗೆ ಬೀರು ಅಂತೀವಿ. ನಮ್ಮ ಮನೆಯಲ್ಲೂ ಒಂದಿದೆ. ಈ ಯಜಮಾನರು ಆ ಬೀರು ಅಂದ್ಕೊಂಡು ಈ ಬೀರು ತಂದಿದ್ದಾರೆ. ಒಳಗಿರೋದು ನೀರು. ನಾನು ಆಳಂದಕ್ಕೆ ಬಂದ ಮೇಲೆ ಇಷ್ಟು ತಣ್ಣನೆ ನೀರು ಕುಡಿದಿರಲಿಲ್ಲ."

ಇಡೀ ತಾಲೂಕಿನಲ್ಲಿ ಶಾಂತಲಿಂಗಪ್ಪನವರ ಮಾತನ್ನು ನಂಬಬಲ್ಲ ಒಬ್ಬನೇ ಮನುಷ್ಯ ಅವರನ್ನು ಹಿಡಿಯಲು ಬಂದವನಾಗಿದ್ದ. ಮಂದಿ ನಗತೊಡಗಿದರು. ದೌಲತರಾಯರು ಗ್ಲಾಸು ತೆಗೆದುಕೊಂಡು ಒಂದೇ ಗುಟುಕಿಗೆ ಕುಡಿದರು. ಅವರ ಮುಖ ಹುಳಿ ಹಿಂಡಿದಂತಾಯಿತು. ಅದು ಸೋಲಿಗೋ, ಹಲ್ಲಿಗೋ, ಅವರೇ ಬಲ್ಲರು. "ತಂಪ ಅದ," ಎಂದರು.

"ಮತ್ತ ಹೊಚ್ಚಲೇನ್ರಿ?" ಎಂದು ಸುಭದ್ರಾಬಾಯಿ ಕೌದಿ ಎತ್ತಿಕೊಂಡು ಬಂದರು. "ಚಿತ್ರಾ ಕಾಣಾಕತ್ತದ."

"ತಡಿ," ಎಂದರು ಶಾಂತಲಿಂಗಪ್ಪನವರು. ಮಶೀನಿನ ಬೆನ್ನಿನ ಹತ್ತಿರ ಅಂಗೈ ಹಿಡಿದರು. ಜಾಳಿಗೆಯಿಂದ ಬಿಸಿ ಗಾಳಿ ಹೊರಗೆ ಬರುತ್ತಿತ್ತು. ಸಲಾವುದ್ದೀನ ಬಂದಾಗಲೆಲ್ಲ ಏನು ತೆಗೆದಿದ್ದೆವು, ಅವನು ಹೋದಾಗಲೆಲ್ಲ ಏನು ಹೊಚ್ಚಿದ್ದೆವು ಎಂಬುದು ಒಂದರ ಹಿಂದೊಂದು ಅವರ ತಲೆಯಲ್ಲಿ ಜೋಡಿಕೊಂಡಿತು. "ಇದರ ಉಸುರು ನಾವೇ ಕಟ್ಟಿದ್ದೇವ ನೋಡು. ಕೌದಿ ಹೊಚ್ಚಿದ್ರ ಮಾನ ಉಳೀತದ, ನೀರು ಕಾಯ್ತದ."

"ಮತ್ತ ಹೆಂಗ?"

ಶಾಂತಲಿಂಗಪ್ಪನವರು ಚಿತ್ರ ನೋಡಿದರು, ಬೋರ್ಡು ನೋಡಿದರು, ಬಿಸಿಲಿನಲ್ಲಿ ಗ್ಲಾಸು ಹಿಡಿದು ನಿಂತ ಮಂದಿಯನ್ನು ನೋಡಿದರು. "ಬಿಡು," ಎಂದರು. "ಹಿಂಗೇ ಇರಲಿ."

ಸಲಾವುದ್ದೀನ ಮಾತ್ರ ಸ್ಟೂಲಿನಿಂದ ಏಳಲಿಲ್ಲ. ತಂಪು ಮಾಡಿದ್ದು ತನ್ನ ಕೈಗುಣವೇ ಎಂದು ಅವನು ಇಂದಿಗೂ ಹೇಳುತ್ತಾನೆ.

ಅಂದು ಮಧ್ಯಾಹ್ನವೇ ಕರೆಂಟು ಹೋಯಿತು. ದೌಲತರಾಯರು ಗಾಡಿಯಿಂದ ಎರಡು ರಂಜಣಿಗೆ ಇಳಿಸಿ ಮಶೀನಿನ ಬಾಜೂಕ್ಕೆ ಇಡಿಸಿದರು. ಬೋರ್ಡು ಬದಲಿಸುವ ಮಾತು ಅವರೂ ಎತ್ತಲಿಲ್ಲ. ಆಮೇಲೆ ಶಾಂತಲಿಂಗಪ್ಪನವರು ಮನೆಯಲ್ಲಿ ಕಪಾಟಿಗೆ ಕಪಾಟು ಎನ್ನತೊಡಗಿದರು. ಸುಭದ್ರಾಬಾಯಿ ಅಷ್ಟು ಹೊತ್ತಿಗೆ ರೂಢಿಬಿದ್ದು ಬೀರು ಎನ್ನುವುದನ್ನು ಬಿಡಲೊಲ್ಲದೆ ಹೋದರು.

ಒಂದು ವಾರದ ಮೇಲೆ ಅಫಜಲಪುರದ ಬಸ್ಸು ಬಂದು ನಿಂತಿತು. ಕಂಡಕ್ಟರ್ ಬಾಗಿಲಿನಿಂದ ಕೂಗಿದ: "ಗುರುಲಿಂಗಪ್ಪನ ಬೀರು ಬಂತ್ರಿ. ಕುಡಿಯಾವ್ರು ಇಳೀರಿ, ಗಾಡಿ ನಿಲ್ತದ." ಘತ್ತರಗಿಯಿಂದ ಬರುತ್ತಿದ್ದ ಮುದುಕಿಯೊಬ್ಬಳು, ಹಣೆ ತುಂಬ ಅರಿಸಿನದ ಭಂಡಾರ ಹಚ್ಚಿಕೊಂಡವಳು, ಇಳಿದು ಬಂದು ಬೊಗಸೆ ಒಡ್ಡಿ, "ಯಪ್ಪಾ, ಗುರುಲಿಂಗಪ್ಪನ ಬೀರು ಹಾಕು," ಎಂದಳು.

ಶೆರೆಯಂಗಡಿ ಇದ್ದ ಓಣಿಯಲ್ಲೂ ಎಂದೂ ಕಾಲಿಡದ ಅಪ್ಪ. ಶಾಂತಲಿಂಗಪ್ಪನವರು ಆಕೆಯ ಬೊಗಸೆಗೆ ನೀರು ಬಿಟ್ಟರು. ಹಾಗಲ್ಲ ತಾಯಿ ಎಂದು ತಿದ್ದಲು ಬಾಯಿ ತೆರೆದರು. ಮುದುಕಿ ನೀರು ಕುಡಿದು, ಒದ್ದೆ ಕೈಯನ್ನು ಮುಖಕ್ಕೆ ಒರೆಸಿಕೊಂಡು, "ಗುರುಲಿಂಗಪ್ಪ ಅಂದ್ರ ಯಾರಪಾ?" ಎಂದು ಕೇಳಿದಳು.

"ನಮ್ಮ ಅಪ್ಪ," ಎಂದರು ಶಾಂತಲಿಂಗಪ್ಪನವರು.

"ಅಂವನ ಹೊಟ್ಟಿ ತಣ್ಣಗಿರಲಿ," ಎಂದಳು ಮುದುಕಿ.

ಅವರು ತಿದ್ದಲಿಲ್ಲ. ಕೈಪಂಪು ಒತ್ತಿ, ಆಕೆಯ ಬೊಗಸೆಗೆ ಇನ್ನಷ್ಟು ಬೀರು ಹಾಕಿದರು.